ಸಗಟು ಮಳಿಗೆಯೊಳಗಿನ ನೀರಿನ ಮೇಜು: ಸಹಿ ಹಾಕುವ ಮುನ್ನ ಇದನ್ನು ಓದಿ

ನಾವು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮನೆ ಕೊಂಡು ಎರಡು ವರ್ಷವಾಯಿತು. ಕಳೆದ ಬೇಸಿಗೆಯಲ್ಲಿ, ಹಾಸನದಿಂದ ಅತ್ತೆ ಬಂದಿದ್ದಾಗ, ಸಗಟು ಮಳಿಗೆಯೊಳಗೆ ಮೇಜು ಹಾಕಿಕೊಂಡಿದ್ದ ಕಂಪನಿಯೊಂದರ ಜೊತೆ, ನೀರಿನ ಗಡಸುತನ ತೆಗೆಯುವ ಯಂತ್ರವೊಂದಕ್ಕೆ 6,900 ಡಾಲರಿನ ಒಪ್ಪಂದ ಮಾಡಿಕೊಂಡೆವು. ತಿಂಗಳಿಗೆ 89 ಡಾಲರಿನಂತೆ ಹತ್ತು ವರ್ಷ ಕಂತು. ಎಲ್ಲ ಕಂತುಗಳನ್ನೂ ಕೂಡಿಸಿದರೆ 10,680 ಡಾಲರ್. ಈ ಲೆಕ್ಕವನ್ನು ಸಹಿ ಹಾಕುವ ಮೊದಲು ಮಾಡಲಿಲ್ಲ, ಆಮೇಲೆ ಮಾಡಿದೆ. ಕಂಪನಿಯ ಹೆಸರನ್ನೂ ಮಳಿಗೆಯ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ನಮ್ಮ ದೂರಿನ ವಿಚಾರಣೆ ಇನ್ನೂ ಮುಗಿದಿಲ್ಲ, ಮೇಲಾಗಿ ಇಂತಹ ಮೇಜು ಯಾವ ಊರಿನ ಸಗಟು ಮಳಿಗೆಯಲ್ಲಿ ಬೇಕಾದರೂ ಇರಬಹುದು.

ಮೊದಲೇ ಹೇಳಿಬಿಡುತ್ತೇನೆ: ಸದಸ್ಯತ್ವದ ಸಗಟು ಮಳಿಗೆ ಎಂದರೆ ನನಗೆ ತುಂಬಾ ಇಷ್ಟ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ದೊಡ್ಡ ತಳ್ಳುಗಾಡಿ ಹಿಡಿದು, ಸೂರಿನವರೆಗೆ ಪೇರಿಸಿದ ಸರಕಿನ ನಡುವೆ ನಡೆಯುವುದೇ ಒಂದು ಸಂಭ್ರಮ. ಮೂರು ಪೌಂಡಿನ ಬಾದಾಮಿ ಚೀಲ, ಇಪ್ಪತ್ತು ಪೌಂಡಿನ ಅಕ್ಕಿ, ಹಣ್ಣಿನ ಪೆಟ್ಟಿಗೆ, ಮಗನಿಗೆ ಶಾಲೆಯ ಸಾಕ್ಸ್. ಮೂಲೆ ಮೂಲೆಯಲ್ಲಿ ಪುಟ್ಟ ಕಾಗದದ ಬಟ್ಟಲಿನಲ್ಲಿ ರುಚಿ ನೋಡಲು ತಿಂಡಿ ಕೊಡುತ್ತಾರೆ. ಅತ್ತೆ ಮೊದಲ ದಿನ ಆ ಬಟ್ಟಲನ್ನು ಮುಟ್ಟಲೇ ಇಲ್ಲ, "ಸುಮ್ಮನೆ ಯಾರಮ್ಮ ಕೊಡುತ್ತಾರೆ?" ಎಂದು ಕೇಳಿದರು. ಮೂರನೆಯ ವಾರ ತಾವೇ ಮುಂದೆ ಹೋಗಿ, ಇದರಲ್ಲಿ ಮೊಟ್ಟೆ ಇದೆಯೇ ಎಂದು ಕೇಳಲು ನನ್ನನ್ನು ಕರೆಯತೊಡಗಿದರು.

ಈ ಬಗೆಯ ಅಂಗಡಿ ಹುಟ್ಟಿದ್ದು 1976ರಲ್ಲಿ. ಸಾಲ್ ಪ್ರೈಸ್ ಎಂಬ ವಕೀಲರು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ, ವಿಮಾನ ನಿಲ್ಲಿಸುತ್ತಿದ್ದ ಹಳೆಯ ಕಟ್ಟಡವೊಂದರಲ್ಲಿ ಪ್ರೈಸ್ ಕ್ಲಬ್ ತೆರೆದರು. ಆರಂಭದಲ್ಲಿ ಅದು ಸಣ್ಣ ವ್ಯಾಪಾರಿಗಳಿಗಷ್ಟೇ ಮೀಸಲಾಗಿತ್ತು. 2003ರಲ್ಲಿ ಬೆಂಗಳೂರಿನ ಯಶವಂತಪುರಕ್ಕೆ ಬಂದ ಜರ್ಮನ್ ಸಗಟು ಮಳಿಗೆಯೂ ವ್ಯಾಪಾರಿಗಳಿಗೇ ಕಾರ್ಡ್ ಕೊಡುತ್ತಿದ್ದುದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇದರ ಒಳಗುಟ್ಟು ಸರಳ. ಸಾಮಾನ್ಯ ಸೂಪರ್ ಮಾರ್ಕೆಟ್‌ನಲ್ಲಿ ಮೂವತ್ತು ಸಾವಿರದಷ್ಟು ಬಗೆಯ ವಸ್ತುಗಳಿದ್ದರೆ ಇಲ್ಲಿ ಸುಮಾರು ನಾಲ್ಕು ಸಾವಿರ. ಸರಕಿನ ಮೇಲೆ ತೆಳುವಾದ ಲಾಭ ಇಟ್ಟುಕೊಂಡು, ವರ್ಷದ ಸದಸ್ಯತ್ವ ಶುಲ್ಕದಿಂದ ಗಳಿಸುತ್ತಾರೆ. ಹಾಗಾಗಿ ಬೆಲೆಯ ಚೌಕಾಸಿಯ ಚಿಂತೆ ಇಲ್ಲಿ ಇರುವುದಿಲ್ಲ. ತಂದ ವಸ್ತು ಹಿಡಿಸದಿದ್ದರೆ ಹಿಂದಿರುಗಿಸಬಹುದು, ಕೌಂಟರಿನಲ್ಲಿ ಹೆಚ್ಚೇನೂ ಕೇಳದೆ ದುಡ್ಡು ವಾಪಸ್ ಕೊಡುತ್ತಾರೆ. ಒಮ್ಮೆ ಆರು ತಿಂಗಳು ಬಳಸಿದ ಮಿಕ್ಸರ್ ಕೆಟ್ಟಾಗಲೂ ನಮಗೆ ಪೂರ್ತಿ ಹಣ ಬಂದಿತ್ತು.

ಕಿರಿಕಿರಿಗಳೂ ಇಲ್ಲದಿಲ್ಲ. ಪಾಲಕ್ ಸೊಪ್ಪಿನ ಡಬ್ಬಿ ಅರ್ಧ ಮುಗಿಯುವಷ್ಟರಲ್ಲಿ ಉಳಿದರ್ಧ ಕೊಳೆತಿರುತ್ತದೆ. ಅಕ್ರೋಟು ನಾಲ್ಕನೆಯ ತಿಂಗಳಿಗೆ ಕಮಟು ವಾಸನೆ ಹೊಡೆಯುತ್ತದೆ. ಉದ್ದನೆಯ ಸಾಲಿನಲ್ಲಿ ನಿಂತು ಬಿಲ್ ಕಟ್ಟಿ, ಬಾಗಿಲಲ್ಲಿ ಮತ್ತೆ ನಿಂತು ಬಿಲ್ ತೋರಿಸಬೇಕು. ಇವೆಲ್ಲ ಸಹಿಸಿಕೊಳ್ಳುವಂಥವು. ನಾನು ಬರೆಯಲು ಕುಳಿತದ್ದು ಬೇರೆಯದೇ ವಿಷಯಕ್ಕೆ. ಅಲ್ಲಿ ಬೆಲೆಯನ್ನು ಅನುಮಾನಿಸದೆ ಕೊಳ್ಳುವ ಅಭ್ಯಾಸ ವರ್ಷಗಳಿಂದ ಬೆಳೆದಿರುತ್ತದೆ. ಆ ಅಭ್ಯಾಸವನ್ನು ಹೊರಗಿನ ಕಂಪನಿಯೊಂದು ಹೇಗೆ ಬಳಸಿಕೊಂಡಿತು ಎಂಬುದು ನನ್ನ ಸಂಕಟ.

ಆ ಭಾನುವಾರ ಬಿಲ್ಲಿನ ಕೌಂಟರು ದಾಟಿ ಬರುವ ದಾರಿಯಲ್ಲಿ ಒಂದು ಮೇಜು ಇತ್ತು. ಮೇಲೆ ನೀಲಿ ಬಟ್ಟೆ, ಎರಡು ಗಾಜಿನ ಕೊಳವೆ, ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ಕದಡಿದ ನೀರು. ಹಿಂದೆ ನಿಂತಿದ್ದ ಹುಡುಗನ ಕೊರಳಲ್ಲಿ ಮಳಿಗೆಯ ನೌಕರರಿಗಿರುವಂಥದ್ದೇ ಗುರುತುಪಟ್ಟಿ. "ನಿಮ್ಮದು ಸ್ವಂತ ಮನೆಯೇ?" ಎಂದು ಕೇಳಿದ. ಹೌದು ಎಂದೆವು. ಮನೆಗೆ ಬಂದು ನೀರನ್ನು ಉಚಿತವಾಗಿ ಪರೀಕ್ಷೆ ಮಾಡುತ್ತೇವೆ, ಸಮಯ ಕೊಟ್ಟಿದ್ದಕ್ಕೆ 25 ಡಾಲರಿನ ಉಡುಗೊರೆ ಕಾರ್ಡ್ ಕೊಡುತ್ತೇವೆ ಎಂದ. ನಾನು ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಬರೆದುಕೊಟ್ಟೆ. ಯಾರು ನೀವು, ಯಾವ ಕಂಪನಿ ಎಂದು ಕೇಳಲಿಲ್ಲ. ಮಳಿಗೆಯ ಒಳಗೆ ನಿಂತವರೆಲ್ಲ ಮಳಿಗೆಯವರೇ ಎಂದುಕೊಂಡಿದ್ದೆ.

ಮಂಗಳವಾರ ಸಂಜೆ ಏಳಕ್ಕೆ ಮಧ್ಯವಯಸ್ಸಿನ ಮಾರಾಟಗಾರರೊಬ್ಬರು ಬಂದರು. ಬಹಳ ನಯವಾದ ಮಾತು. ಅತ್ತೆಗೆ ಕೈಮುಗಿದರು, ಮಗನ ಹೆಸರು ಕೇಳಿದರು. ನಲ್ಲಿಯ ನೀರಿಗೆ ನಾಲ್ಕು ಹನಿ ಔಷಧ ಹಾಕಿದರು, ಬಿಳಿಯ ಚೂರುಗಳು ತೇಲಿದವು. ತಾವು ತಂದ ಬಾಟಲಿಯ ನೀರಿಗೂ ಹಾಕಿದರು, ಅದು ತಿಳಿಯಾಗಿಯೇ ಉಳಿಯಿತು. ಆಮೇಲೆ ಪೆಟ್ಟಿಗೆಯಿಂದ ಒಂದು ಪುಟ್ಟ ಸಾಧನ ತೆಗೆದರು. ಅದಕ್ಕೆ ನಾಲ್ಕು ಲೋಹದ ಕಡ್ಡಿಗಳಿದ್ದವು, ಎರಡು ಒಂದು ಲೋಟಕ್ಕೆ, ಎರಡು ಇನ್ನೊಂದಕ್ಕೆ. ಸ್ವಿಚ್ ಹಾಕಿ ಸುಮ್ಮನೆ ಕುಳಿತರು. ಅರ್ಧ ನಿಮಿಷದಲ್ಲಿ ನಮ್ಮ ನಲ್ಲಿಯ ನೀರಿನಲ್ಲಿ ಹಳದಿ ಎಳೆಗಳು ಎದ್ದವು. ಒಂದು ನಿಮಿಷಕ್ಕೆ ಲೋಟ ಪೂರ್ತಿ ಕಂದಾಗಿ, ಮೇಲೆ ಹಸಿರು ಮಿಶ್ರಿತ ಕೆಸರಿನಂಥ ನೊರೆ ಕಟ್ಟಿತು. ಅವರ ನೀರು ಹಾಗೆಯೇ ಇತ್ತು. "ಇದನ್ನೇ ನಿಮ್ಮ ಮಗು ದಿನವೂ ಕುಡಿಯುತ್ತಿದೆ" ಎಂದಷ್ಟೇ ಹೇಳಿ, ಲೋಟವನ್ನು ಮಗನ ಮುಂದೆ ಸರಿಸಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಬೆಲೆ 8,400 ಡಾಲರಿನಿಂದ ಆರಂಭವಾಯಿತು. ಮಳಿಗೆಯ ಸದಸ್ಯರೆಂಬ ಕಾರಣಕ್ಕೆ, ಅದೂ ಆ ರಾತ್ರಿಗೆ ಮಾತ್ರ, 6,900. ಎರಡೂವರೆ ಗಂಟೆ ಕಳೆದಿತ್ತು, ಮಗನ ಊಟವಾಗಿರಲಿಲ್ಲ. ನಮ್ಮ ಮನೆಯವರು ನಾಳೆ ಹೇಳುತ್ತೇವೆ ಎಂದಾಗ ಆತ ಎಲ್ಲೋ ಫೋನ್ ಮಾಡಿ, ನಾಳೆ ಬೆಳಿಗ್ಗೆಯೇ ಪ್ಲಂಬರ್ ಬಿಡುವಾಗಿದ್ದಾರೆ ಎಂದರು. ರಾತ್ರಿ ಒಂಬತ್ತೂವರೆಗೆ ಟ್ಯಾಬ್ಲೆಟ್ ಮೇಲೆ ಬೆರಳಿನಿಂದ ಸಹಿ ಮಾಡಿದೆವು. ಕಾಗದ ಒಂದೂ ಕೈಗೆ ಬರಲಿಲ್ಲ, ಹದಿನಾಲ್ಕು ಪುಟದ ಒಪ್ಪಂದ ಇಮೇಲ್‌ಗೆ ಬಂತು. ಬುಧವಾರ ಎಂಟು ಗಂಟೆಗೆ ಬಂದ ಪ್ಲಂಬರುಗಳು ಹನ್ನೊಂದಕ್ಕೆ ಕೆಲಸ ಮುಗಿಸಿ ಹೊರಟೇಬಿಟ್ಟರು.

ಗುರುವಾರ ಕಚೇರಿಯಲ್ಲಿ ಗೆಳತಿಯೊಬ್ಬಳು ಬೆಲೆ ಕೇಳಿ ಗಾಬರಿಯಾದಳು. ಅವಳ ಮನೆಯಲ್ಲಿ ಅಷ್ಟೇ ಸಾಮರ್ಥ್ಯದ ಯಂತ್ರ, ಹಾರ್ಡ್‌ವೇರ್ ಅಂಗಡಿಯಿಂದ ತಂದದ್ದು, ಪ್ಲಂಬರ್ ಕೂಲಿಯೂ ಸೇರಿ 1,300 ಡಾಲರ್ ಆಗಿತ್ತಂತೆ. ನನಗೆ ಎದೆ ಧಸಕ್ಕೆಂದಿತು. ಆದರೂ ಆ ರಾತ್ರಿ ನೆಮ್ಮದಿಯಿಂದ ಮಲಗಿದೆ. ಹಿಂದಿರುಗಿಸಿದರಾಯಿತು, ಶನಿವಾರ ಹೇಗೂ ಮಳಿಗೆಗೆ ಹೋಗುತ್ತೇವೆ, ಮಿಕ್ಸರನ್ನೇ ವಾಪಸ್ ಪಡೆದವರು ಇದನ್ನು ಪಡೆಯದೆ ಇರುತ್ತಾರೆಯೇ ಎಂದು ನಾನೇ ಮನೆಯವರಿಗೆ ಸಮಾಧಾನ ಹೇಳಿದೆ.

ಶನಿವಾರ ಕೌಂಟರಿನಲ್ಲಿದ್ದ ಮಹಿಳೆ ಸೌಜನ್ಯದಿಂದಲೇ ಮಾತನಾಡಿದರು. ನನ್ನ ಸದಸ್ಯತ್ವದ ಖಾತೆ ತೆರೆದು ನೋಡಿದರು. ಆ ಯಂತ್ರದ ಖರೀದಿ ಅಲ್ಲಿ ಇರಲೇ ಇಲ್ಲ. "ಅವರು ಇಲ್ಲಿ ಜಾಗ ಪಡೆದು ನಿಲ್ಲುವ ಹೊರಗಿನ ಕಂಪನಿ. ನಿಮ್ಮ ಒಪ್ಪಂದ ಅವರೊಂದಿಗೆ, ನಾವು ಮಾರಿದ್ದನ್ನು ಮಾತ್ರ ನಾವು ವಾಪಸ್ ಪಡೆಯಬಹುದು" ಎಂದರು. ತಿರುಗಿ ನೋಡಿದರೆ ನೀರಿನ ಮೇಜು ಇದ್ದ ಜಾಗದಲ್ಲಿ ಹಾಸಿಗೆ ಮಾರುವವರು ನಿಂತಿದ್ದರು.

ಮನೆಗೆ ಬಂದು ಒಪ್ಪಂದವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ರದ್ದತಿಯ ನಮೂನೆ ಹನ್ನೊಂದನೆಯ ಪುಟದಲ್ಲಿತ್ತು. ಕೊನೆಯ ಗಡುವು ಶುಕ್ರವಾರ ಮಧ್ಯರಾತ್ರಿ. ನಾವು ಹನ್ನೆರಡು ಗಂಟೆ ತಡವಾಗಿದ್ದೆವು.

ಅಮೆರಿಕದಲ್ಲಿರುವವರು ಈ ನಿಯಮವನ್ನು ದಯವಿಟ್ಟು ತಿಳಿದುಕೊಂಡಿರಿ. ಗ್ರಾಹಕರ ಹಿತ ಕಾಯುವ ಕೇಂದ್ರ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಕೂಲಿಂಗ್ ಆಫ್ ನಿಯಮದ ಪ್ರಕಾರ, ಮಾರಾಟಗಾರ ನಿಮ್ಮ ಮನೆಗೆ ಬಂದು 25 ಡಾಲರ್ ಅಥವಾ ಹೆಚ್ಚಿನ ವ್ಯಾಪಾರ ಮಾಡಿದರೆ, ಮೂರನೆಯ ವ್ಯವಹಾರದ ದಿನದ ಮಧ್ಯರಾತ್ರಿಯವರೆಗೆ ನೀವು ಕಾರಣ ಕೊಡದೆ ರದ್ದು ಮಾಡಬಹುದು. ನೀವೇ ಅವರನ್ನು ಮನೆಗೆ ಕರೆದಿದ್ದರೂ ಈ ಹಕ್ಕು ಇರುತ್ತದೆ. ಭಾನುವಾರ ಮತ್ತು ಸರ್ಕಾರಿ ರಜೆ ಲೆಕ್ಕಕ್ಕಿಲ್ಲ, ಆದರೆ ಶನಿವಾರ ಲೆಕ್ಕಕ್ಕಿದೆ. ಬಹಳ ಜನ ಎಡವುವುದು ಇಲ್ಲೇ. ಈ ಹಕ್ಕನ್ನು ಮಾರಾಟಗಾರ ಬಾಯಿಮಾತಿನಲ್ಲಿಯೂ ತಿಳಿಸಬೇಕು, ರದ್ದತಿ ನಮೂನೆಯ ಎರಡು ಪ್ರತಿಗಳನ್ನೂ ಕೊಡಬೇಕು. ನಮಗೆ ಯಾರೂ ಒಂದು ಮಾತೂ ಹೇಳಲಿಲ್ಲ. ನಮ್ಮ ದೂರು ನಿಂತಿರುವುದು ಇದೇ ಅಂಶದ ಮೇಲೆ. ಟೆಕ್ಸಾಸ್ ಅಟಾರ್ನಿ ಜನರಲ್ ಅವರ ಗ್ರಾಹಕ ವಿಭಾಗಕ್ಕೂ ಸಾಲ ಕೊಟ್ಟ ಸಂಸ್ಥೆಗೂ ಬರೆದಿದ್ದೇವೆ. ಕಂಪನಿ 700 ಡಾಲರ್ ಇಳಿಸುತ್ತೇನೆ ಎಂದಿದೆ, ನಾವು ಒಪ್ಪಿಲ್ಲ.

ಆ ಕಂದು ನೀರಿನ ಗುಟ್ಟು ಗೊತ್ತಾದದ್ದು ಇನ್ನೂ ಒಂದು ವಾರದ ಮೇಲೆ. ಅಡುಗೆಮನೆಯ ಕಟ್ಟೆಯ ಮೇಲೆ ಮಗನನ್ನು ಕೂರಿಸಿಕೊಂಡು ನಾನೇ ಮಾಡಿ ನೋಡಿದೆ. ಎರಡು ಕಬ್ಬಿಣದ ಮೊಳೆ, ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಎರಡು ತಂತಿ. ಅಂಗಡಿಯಿಂದ ತಂದ ಶುದ್ಧೀಕರಿಸಿದ ಬಾಟಲಿ ನೀರಿನಲ್ಲಿ ಮೊಳೆಗಳನ್ನು ಇಳಿಸಿದರೆ ಏನೂ ಆಗಲಿಲ್ಲ. ಅದೇ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿದೆ. ಮೊಳೆಯ ಸುತ್ತ ಗುಳ್ಳೆ ಎದ್ದು, ಸ್ವಲ್ಪ ಹೊತ್ತಿಗೆಲ್ಲ ಅದೇ ಹಸಿರು, ಅದೇ ಕಂದು ಕೆಸರು. ಕೊಳೆ ಇದ್ದದ್ದು ನೀರಿನಲ್ಲಲ್ಲ. ಲವಣ ಕರಗಿದ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ನೀರಿಗೆ ಇಳಿಯುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯುವುದೇ ಕಷ್ಟ, ಹಾಗಾಗಿ ಅದು ತಿಳಿಯಾಗಿರುತ್ತದೆ. ಹನಿ ಔಷಧದ ಪರೀಕ್ಷೆಯೂ ಅಷ್ಟೇ: ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿಯ ಚೂರಾಗಿ ಕಾಣಿಸಿಕೊಳ್ಳುತ್ತವೆ, ಅವು ವಿಷವಲ್ಲ. ಇದನ್ನು ಅತ್ತೆಗೂ ತೋರಿಸಿದೆ. ಅವರು ತುಂಬಾ ಹೊತ್ತು ಲೋಟವನ್ನೇ ನೋಡುತ್ತಿದ್ದು, "ಮಗುವಿನ ಹೆಸರು ಹೇಳಿ ಹೆದರಿಸಿದನಲ್ಲಮ್ಮ" ಎಂದರು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಈ ಊರಿನ ನೀರು ನಿಜಕ್ಕೂ ಗಡಸು. ಎಡ್ವರ್ಡ್ಸ್ ಎಂಬ ಸುಣ್ಣಕಲ್ಲಿನ ಅಂತರ್ಜಲ ಪದರದಿಂದ ಬರುವ ಈ ನೀರಿನ ಗಡಸುತನ ಗ್ಯಾಲನ್‌ಗೆ 15ರಿಂದ 20 ಗ್ರೇನ್, ಅಂದರೆ ಲೀಟರಿಗೆ ಸುಮಾರು 260ರಿಂದ 340 ಮಿಲಿಗ್ರಾಂ. ಭಾರತದ ಕುಡಿಯುವ ನೀರಿನ ಮಾನಕದಲ್ಲಿ 200 ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿ. ಬೆಂಗಳೂರಿನ ಕೊಳವೆ ಬಾವಿಯ ನೀರಿನಲ್ಲಿ ಗೀಸರ್ ಒಳಗೆ ಬಿಳಿ ಹಕ್ಕಳೆ ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಯಂತ್ರ ಬಂದ ಮೇಲೆ ನಲ್ಲಿಗಳ ಮೇಲಿನ ಬಿಳಿ ಕಲೆ ಹೋಗಿದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಯಂತ್ರ ಬೇಕಿತ್ತು. ಆ ಬೆಲೆ, ಆ ಭಯ ಬೇಕಿರಲಿಲ್ಲ.

ನಿಮ್ಮ ನೀರು ಹೇಗಿದೆ ಎಂದು ತಿಳಿಯಲು ಯಾರನ್ನೂ ಮನೆಯೊಳಗೆ ಕರೆಯಬೇಕಾಗಿಲ್ಲ. ನಿಮಗೆ ನೀರು ಪೂರೈಸುವ ಸಂಸ್ಥೆ ಪ್ರತಿ ವರ್ಷ ಜುಲೈ 1ರ ಒಳಗೆ ಗುಣಮಟ್ಟದ ವರದಿ ಕೊಡಲೇಬೇಕು, ಹೆಚ್ಚಿನವು ಅಂತರ್ಜಾಲದಲ್ಲಿ ಸಿಗುತ್ತವೆ. ಮಳಿಗೆಯಲ್ಲಿ ಮೇಜು ಹಾಕಿಕೊಂಡವರು ಮಾತನಾಡಿಸಿದರೆ ಒಂದೇ ಪ್ರಶ್ನೆ ಕೇಳಿ: ಇದರ ಬಿಲ್ ಇಲ್ಲಿನ ಕೌಂಟರಿನಲ್ಲಿ ಆಗುತ್ತದೆಯೇ? ಅಲ್ಲ ಎಂದರೆ ನಿಮ್ಮ ಸದಸ್ಯತ್ವಕ್ಕೂ ಅದಕ್ಕೂ ಸಂಬಂಧವಿದೆ ಎಂದುಕೊಳ್ಳಬೇಡಿ. ಊರಿನಿಂದ ಬಂದ ಹಿರಿಯರು ಮನೆಯಲ್ಲಿ ಒಬ್ಬರೇ ಇದ್ದಾಗ ಇಂತಹವರಿಗೆ ಬಾಗಿಲು ತೆರೆಯದಂತೆ ಹೇಳಿಡಿ.

ಈಗಾಗಲೇ ಸಹಿ ಹಾಕಿ ಮೂರು ದಿನ ಕಳೆಯದವರು ಯಾರಾದರೂ ಇದನ್ನು ಓದುತ್ತಿದ್ದರೆ ಮಳಿಗೆಯ ಕೌಂಟರಿಗೆ ಹೋಗಬೇಡಿ. ಯಂತ್ರ ಜೋಡಿಸಿಯಾಗಿದೆ, ಇನ್ನೇನು ಮಾಡಲಾದೀತು ಎಂದು ಸುಮ್ಮನಾಗಲೂಬೇಡಿ. ಒಪ್ಪಂದದ ಕೊನೆಯ ಪುಟಗಳಲ್ಲಿ ರದ್ದತಿಯ ನಮೂನೆ ಹುಡುಕಿ. ಸಿಗದಿದ್ದರೆ ನಿಮ್ಮದೇ ಮಾತಿನಲ್ಲಿ ರದ್ದು ಮಾಡುತ್ತಿದ್ದೇನೆ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಅಂಚೆ ಕಚೇರಿಯಲ್ಲಿ ಸರ್ಟಿಫೈಡ್ ಅಂಚೆಯಲ್ಲಿ ಕಳುಹಿಸಿ ರಸೀದಿ ಪಡೆಯಿರಿ. ಲಕೋಟೆಯ ಮೇಲೆ ಗಡುವಿನೊಳಗಿನ ಮುದ್ರೆ ಬಿದ್ದಿರಬೇಕು. ಅಂಚೆ ಕಚೇರಿ ಸಾಮಾನ್ಯವಾಗಿ ಸಂಜೆ ಐದಕ್ಕೆ ಮುಚ್ಚುತ್ತದೆ, ಈಗಲೇ ಹೊರಡಿ.