ಐದು ಸ್ಪೀಕರ್, ಒಂದು ಸಬ್‌ವೂಫರ್, ಮತ್ತು ಕರೆಂಟು ಹೋದಾಗಲೆಲ್ಲ ಪಿಸಿಎಂ ಆಗುವ ಟಿವಿ

ಈ 5.1 ರಿಸೀವರ್ ಮತ್ತು ಸ್ಪೀಕರ್ ಸೆಟ್ಟು ನಮ್ಮ ಮನೆಗೆ ಬಂದ ಮೇಲೆ ಮೂರು ಮಳೆಗಾಲ ಕಳೆದವು. 5.1 ಅಂದರೆ ಐದು ಸ್ಪೀಕರ್, ಜೊತೆಗೆ ದಪ್ಪ ಸದ್ದಿಗೆ ಒಂದು ಸಬ್‌ವೂಫರ್. ಸದ್ದನ್ನು ಇವಕ್ಕೆಲ್ಲ ಹಂಚಿ ಕೊಡುವ ಪೆಟ್ಟಿಗೆಯೇ ರಿಸೀವರ್. ವ್ಯಾಟ್ ಎಷ್ಟು, ಪೋರ್ಟ್ ಎಷ್ಟು ಅನ್ನೋದು ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಬರೆಯಲ್ಲ. ನಾನು ಬರೆಯಲು ಕೂತಿರುವುದು ಒಂದೇ ಸಿಟ್ಟಿಗೆ. ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಟಿವಿ ತನ್ನ ಡಿಜಿಟಲ್ ಸೌಂಡ್ ಔಟ್‌ಪುಟ್ ಅನ್ನು 'ಆಟೋ'ದಿಂದ 'ಪಿಸಿಎಂ'ಗೆ ತಿರುಗಿಸಿಕೊಂಡು ಕೂರುತ್ತದೆ. ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು. ಇಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಪಿಸಿಎಂ ಕೆಟ್ಟದ್ದೇನಲ್ಲ. ಒತ್ತಿ ಚಿಕ್ಕದು ಮಾಡದ, ಶುದ್ಧ ಸದ್ದು ಅದು. ತೊಂದರೆ ಇರುವುದು ದಾರಿಯಲ್ಲಿ. ಟಿವಿಯಿಂದ ರಿಸೀವರ್‌ಗೆ ಸದ್ದು ಬರುವ ಎಚ್‌ಡಿಎಂಐ ಎಆರ್‌ಸಿಯಲ್ಲಾಗಲಿ (ಎಚ್‌ಡಿಎಂಐ ಕೇಬಲ್‌ನಲ್ಲೇ ಟಿವಿಯ ಸದ್ದನ್ನು ರಿಸೀವರ್‌ಗೆ ವಾಪಸ್ ಕಳಿಸುವ ದಾರಿ), ಆಪ್ಟಿಕಲ್ ಕೇಬಲ್‌ನಲ್ಲಾಗಲಿ ಪಿಸಿಎಂ ಎರಡೇ ಚಾನೆಲ್‌ನಲ್ಲಿ, ಅಂದರೆ ಎಡಕ್ಕೊಂದು ಬಲಕ್ಕೊಂದು ಸದ್ದಿನ ಎಳೆಯಾಗಿ ಬರುತ್ತದೆ. ಅಂದರೆ ಸಿನಿಮಾದಲ್ಲಿ ಆರು ಚಾನೆಲ್ ಇದ್ದರೂ ಟಿವಿ ಅದನ್ನು ಕಲಸಿ ಸ್ಟೀರಿಯೋ ಮಾಡಿ ಕಳಿಸುತ್ತದೆ. ಇನ್ನೂ ರಗಳೆ ಅಂದರೆ ಇದು ಕಿವಿಗೆ ಸುಲಭಕ್ಕೆ ಗೊತ್ತಾಗಲ್ಲ. ರಿಸೀವರ್‌ನಲ್ಲಿ 'ಡಾಲ್ಬಿ ಸರೌಂಡ್' ಅನ್ನುವ ಮೋಡ್ ಇದೆ. ಅದು ಎರಡು ಚಾನೆಲ್ ಸದ್ದನ್ನು ಐದೂ ಸ್ಪೀಕರ್‌ಗೆ ಹಂಚುತ್ತದೆ. ಹಿಂದಿನ ಸ್ಪೀಕರ್‌ನಲ್ಲೂ ಏನೋ ಕೇಳಿಸುತ್ತಿರುತ್ತದೆ. ನಾವು ಸರೌಂಡ್ ಕೇಳುತ್ತಿದ್ದೇವೆ ಅಂದುಕೊಂಡು ಖುಷಿಯಾಗಿ ಕೂತಿರುತ್ತೇವೆ.

ಹಾಗಾಗಿ ನನಗೊಂದು ಚಟ ಅಂಟಿದೆ. ಸಿನಿಮಾ ಶುರುವಾದ ತಕ್ಷಣ ರಿಸೀವರ್ ರಿಮೋಟಿನ ಇನ್ಫೋ ಬಟನ್ ಒತ್ತುವುದು. ಒಳಗೆ ಏನು ಬರುತ್ತಿದೆ, ಹೊರಗೆ ಏನು ಹೋಗುತ್ತಿದೆ ಎರಡನ್ನೂ ಅದು ತೋರಿಸುತ್ತದೆ. 'ಡಾಲ್ಬಿ ಡಿಜಿಟಲ್ ಪ್ಲಸ್, 5.1' ಅಂತ ಬಂದರೆ ಸರಿ. 'ಪಿಸಿಎಂ, 2.0' ಅಂತ ಬಂದರೆ ಎಲ್ಲರನ್ನೂ ಕಾಯಿಸಿ ಟಿವಿಯ ಸೆಟ್ಟಿಂಗ್ಸ್, ಸೌಂಡ್, ಎಕ್ಸ್‌ಪರ್ಟ್, ಔಟ್‌ಪುಟ್ ಫಾರ್ಮ್ಯಾಟ್ ಅಂತ ಒಂದೊಂದೇ ಮೆಟ್ಟಿಲು ಇಳಿಯಬೇಕು. ಮಗಳು ಈಗ ನನ್ನನ್ನೇ ಕೇಳುತ್ತಾಳೆ: "ಅಪ್ಪಾ, ಚೆಕ್ ಆಯ್ತಾ? ಪ್ಲೇ ಮಾಡ್ಲಾ?" ಟಿವಿ ಕಂಪನಿಯವರಿಗೆ ಫೋನ್ ಮಾಡಿದ್ದಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆ ಅಂದರು. ಅಪ್‌ಡೇಟ್ ಬಂತು, ಹೊಸ ಜಾಹೀರಾತು ಬಂತು, ಪಿಸಿಎಂ ಮಾತ್ರ ಹಾಗೇ ಇದೆ.

ಫಾರ್ಮ್ಯಾಟುಗಳ ಹೆಸರು ನೋಡಿ ತಲೆ ಕೆಡಿಸಿಕೊಳ್ಳುವವರಿಗೆ ನನ್ನ ಲೆಕ್ಕ ಹೇಳುತ್ತೇನೆ. ಡಾಲ್ಬಿ ಡಿಜಿಟಲ್ ಎಲ್ಲದಕ್ಕೂ ಹಳಬ. 1992ರಲ್ಲಿ ಥಿಯೇಟರಿಗೆ ಬಂತು, ಆಮೇಲೆ ಡಿವಿಡಿ ಹಿಡಿದು ಮನೆಗೆ ಬಂತು. ಡಿವಿಡಿಯಲ್ಲಿ ಜಾಸ್ತಿ ಅಂದರೆ ಸೆಕೆಂಡಿಗೆ 448 ಕಿಲೋಬಿಟ್, ಬೇರೆ ಕಡೆ ತೀರಾ ಜಾಸ್ತಿ ಅಂದರೆ 640. ಮರುವರ್ಷವೇ ಬಂದ ಡಿಟಿಎಸ್ ಇದರ ದಾಯಾದಿ, ಸ್ವಲ್ಪ ಜಾಸ್ತಿ ಜಾಗ ತಿನ್ನುತ್ತದೆ. ಈಗಿನ ಓಟಿಟಿಗಳಲ್ಲಿ ಹೆಚ್ಚಾಗಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್. ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಒಂದು ಚೂರೂ ಕಳೆಯದ ಫಾರ್ಮ್ಯಾಟುಗಳು, ಬ್ಲೂ-ರೇ ಡಿಸ್ಕ್ ಇದ್ದವರಿಗೆ. ಅವನ್ನು ಟಿವಿಯಿಂದ ರಿಸೀವರ್‌ಗೆ ಕಳಿಸಲು ಹಳೆಯ ಎಆರ್‌ಸಿ ಸಾಲದು, ಅದರ ಹೊಸ, ಅಗಲವಾದ ದಾರಿ ಇ-ಎಆರ್‌ಸಿ ಬೇಕು. ನಮ್ಮಲ್ಲಿ ಬ್ಲೂ-ರೇ ಇಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಉಳಿದದ್ದು ಆಟ್‌ಮಾಸ್. ಎಲ್ಲರೂ ಕೇಳುವುದು ಅದನ್ನೇ. ಇದು 2012ರಲ್ಲಿ ಥಿಯೇಟರಿಗೆ, 2014ರಲ್ಲಿ ಮನೆಗೆ ಬಂತು. ಓಟಿಟಿಯ ಆಟ್‌ಮಾಸ್ ಅಂದರೆ ಅದೇ ಡಾಲ್ಬಿ ಡಿಜಿಟಲ್ ಪ್ಲಸ್ ಮೂಟೆ, ಒಳಗೊಂದು ಚೀಟಿ: ಯಾವ ಸದ್ದನ್ನು ಕೋಣೆಯ ಯಾವ ಮೂಲೆಯಲ್ಲಿ, ಎಷ್ಟು ಎತ್ತರದಲ್ಲಿ ಇಳಿಸಬೇಕು ಅಂತ. ಚೀಟಿ ಓದಲು ಬಾರದ ರಿಸೀವರ್ ಮೂಟೆಯನ್ನು ಹಾಗೇ 5.1 ಅಂತ ಇಳಿಸಿಕೊಳ್ಳುತ್ತದೆ, ನಷ್ಟವೇನಿಲ್ಲ. ಈ ತರದ ಆಟ್‌ಮಾಸ್‌ಗೆ ಇ-ಎಆರ್‌ಸಿ ಬೇಕೇ ಬೇಕು ಅಂತ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಟಿವಿ ಮನಸ್ಸು ಮಾಡಿದರೆ ಹಳೆಯ ಎಆರ್‌ಸಿಯಲ್ಲೇ ಕಳಿಸಬಹುದು.

ಅಂಗಡಿಯವನು ಇನ್ನೂ ಹದಿನೈದು ಸಾವಿರ ಹಾಕಿ ಮೇಲ್ಮುಖದ ಸ್ಪೀಕರ್ ಜೋಡಿ ತಗೊಳ್ಳಿ ಅಂತ ಬಹಳ ಒತ್ತಾಯ ಮಾಡಿದ. ಅವು ಸದ್ದನ್ನು ಮೇಲಕ್ಕೆ ಹೊಡೆಯುತ್ತವೆ, ಅದು ಛಾವಣಿಗೆ ಬಡಿದು ನಮ್ಮ ತಲೆ ಮೇಲೆ ಬೀಳಬೇಕು. ಅದಕ್ಕೆ ಸಮತಟ್ಟಾದ, ತೀರಾ ಎತ್ತರವಿಲ್ಲದ ಛಾವಣಿ ಬೇಕು. ನಮ್ಮದು ಇಳಿಜಾರಿನ ಹೆಂಚಿನ ಮಾಡು. ಟಿವಿ ಇರುವ ಕಡೆ ಮುಚ್ಚಿಗೆಯೂ ಇಲ್ಲ. ಸದ್ದು ಮೇಲೆ ಹೋದರೆ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗಿ ತೋಟ ಸೇರುತ್ತದೆ ಅಷ್ಟೆ. ಅಡಿಕೆ ದುಡ್ಡು ಹಾಗೆ ತೋಟಕ್ಕೆ ವಾಪಸ್ ಹಾಕುವ ಆಸೆ ನನಗಿರಲಿಲ್ಲ. ಅಷ್ಟಕ್ಕೂ ಜೂನ್ ಬಂದರೆ ತಲೆ ಮೇಲಿನ ಸದ್ದು ನಮಗೆ ಬಿಟ್ಟಿಯಾಗಿ ಸಿಗುತ್ತದೆ.

ಆ ಮಳೆ ವಿಷಯಕ್ಕೇ ಬರುತ್ತೇನೆ. ಈ ಸೆಟ್ಟಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲೇ. ಹೆಂಚಿನ ಮೇಲೆ ಜಡಿಮಳೆ ಹೊಯ್ಯುವಾಗ ಟಿವಿ ನೋಡಿದವರಿಗೆ ಗೊತ್ತು. ಮಾತು ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಹಾಡು, ಫೈಟು ಬಂದಾಗ ಮನೆ ನಡುಗುತ್ತದೆ. ನಿಜವಾದ 5.1ರಲ್ಲಿ ಮಾತು ಹೆಚ್ಚುಕಡಿಮೆ ಪೂರಾ ನಡುವಿನ ಸ್ಪೀಕರ್‌ನಲ್ಲಿರುತ್ತದೆ. ಅದೊಂದನ್ನೇ ಮೂರು ಡೆಸಿಬೆಲ್ ಏರಿಸಿದೆ, ಉಳಿದ ನಾಲ್ಕೂ ಇದ್ದಲ್ಲೇ ಇದ್ದವು. ಆಷಾಢದ ಮಳೆಯಲ್ಲೂ ಒಂದೊಂದು ಮಾತೂ ಸ್ಪಷ್ಟ. ಹಿಂದಿನಿಂದ ಹೆಲಿಕಾಪ್ಟರ್ ಬರುವುದು, ಗುಂಡು ಹಾರುವುದು ಎಲ್ಲ ಮೊದಲ ವಾರದ ಮಜ. ಅಮ್ಮ ಹಿಂದೆ ಬಾಗಿಲು ಬಡಿದ ಸದ್ದಿಗೆ ಎದ್ದು ಹಿತ್ತಲಿಗೆ ಹೋಗಿ ನೋಡಿ ಬಂದದ್ದೂ ಆಯಿತು. ದಿನನಿತ್ಯಕ್ಕೆ ದುಡ್ಡು ವಸೂಲಾಗುವುದು ನಡುವಿನ ಸ್ಪೀಕರ್‌ನಿಂದಲೇ. ನನ್ನನ್ನು ಕೇಳಿದರೆ ಬಜೆಟ್ ಕಮ್ಮಿ ಇದ್ದರೆ ಹಿಂದಿನ ಎರಡಕ್ಕೆ ಕಮ್ಮಿ ಹಾಕಿ, ನಡುವಿನದಕ್ಕೆ ಜಾಸ್ತಿ ಹಾಕಿ.

ಇನ್ನೊಂದು ಖುಷಿ ಅಪ್ಪಯ್ಯನಿಂದ ಸಿಕ್ಕಿತು. ಅವರಿಗೆ ಬೇಕಾದದ್ದು ಯೂಟ್ಯೂಬಿನ ಯಕ್ಷಗಾನ ಮತ್ತು ಹಳೆಯ ಕಪ್ಪು-ಬಿಳುಪು ಸಿನಿಮಾ. ಅವುಗಳಲ್ಲಿ ಹೆಚ್ಚಿನವು ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು. ಡಾಲ್ಬಿ ಸರೌಂಡ್ ಮೋಡ್ ಎರಡೂ ಕಡೆ ಒಂದೇ ಆಗಿರುವುದನ್ನು ಹುಡುಕಿ ನಡುವಿನ ಸ್ಪೀಕರ್‌ಗೆ ತಳ್ಳುತ್ತದೆ. ನಾನು ಬೈಯುತ್ತಿದ್ದ ಅದೇ ಮೋಡ್ ಇಲ್ಲಿ ಬಹಳ ಚೆಂದ ಕೆಲಸ ಮಾಡುತ್ತದೆ. ಭಾಗವತರ ಪದ ಪರದೆಯ ಕೆಳಗೇ ಒಂದು ಕಡೆಯಿಂದ ಬರುತ್ತದೆ. ಸ್ಟೀರಿಯೋ ಆಗಿ ರೆಕಾರ್ಡ್ ಮಾಡಿದ ಆಟವಾದರೆ ಪದ ನಡುವೆ ನಿಂತು, ಚಂಡೆ ಅಕ್ಕಪಕ್ಕಕ್ಕೆ ಹರಡುತ್ತದೆ. "ಈಗ ಅರ್ಥ ಹೇಳೋದು ಕೇಳ್ತದೆ ಮಾರಾಯ" ಅಂದರು ಅಪ್ಪಯ್ಯ. ಮೂರು ವರ್ಷದಲ್ಲಿ ಅವರು ಈ ಸೆಟ್ಟಿಗೆ ಕೊಟ್ಟ ಸರ್ಟಿಫಿಕೇಟು ಅದೊಂದೇ.

ಕನ್ನಡದವರಿಗೆ ಮಾತ್ರ ಇರುವ ಒಂದು ಬೇಜಾರು ಹೇಳಿಬಿಡುತ್ತೇನೆ. ಓಟಿಟಿಯಲ್ಲಿ ಬೇರೆ ಭಾಷೆಯ ದೊಡ್ಡ ಸಿನಿಮಾ ಹಾಕಿ, ಇನ್ಫೋ ಒತ್ತಿ ನೋಡಿ. ಮೂಲ ಭಾಷೆಯಲ್ಲಿ 5.1 ಅಂತ ಇರುತ್ತದೆ. ಆಡಿಯೋ ಕನ್ನಡಕ್ಕೆ ಬದಲಾಯಿಸಿದರೆ ಕೆಲವು ಕಡೆ ಫಟ್ ಅಂತ 2.0 ಆಗುತ್ತದೆ. ಎಲ್ಲದರಲ್ಲೂ ಹೀಗಲ್ಲ, ಆದರೆ ಸಾಕಷ್ಟು ಸಲ ನೋಡಿದ್ದೇನೆ. ನಾವೂ ಅಷ್ಟೇ ದುಡ್ಡು ಕಟ್ಟುವವರಲ್ವಾ? ಕೆಲವು ಓಟಿಟಿಗಳಲ್ಲಿ ಆಟ್‌ಮಾಸ್ ಬೇಕಾದರೆ ಎಲ್ಲಕ್ಕಿಂತ ದುಬಾರಿ ಪ್ಲಾನ್ ಹಾಕಿಸಬೇಕು ಅನ್ನೋದೂ ನೆನಪಿರಲಿ.

ಸ್ಪೀಕರ್ ಇಡುವ ಬಗ್ಗೆ ಎರಡು ಮಾತು. ಮುಂದಿನ ಎರಡು ನಡುವಿನಿಂದ 30 ಡಿಗ್ರಿ ಆಚೀಚೆ, ಸರೌಂಡ್ ಎರಡು ಸುಮಾರು 110 ಡಿಗ್ರಿಯಲ್ಲಿ, ಅಂದರೆ ಕಿವಿಯ ಪಕ್ಕಕ್ಕಿಂತ ಚೂರು ಹಿಂದೆ. ನಮ್ಮಲ್ಲಿ ಅಲ್ಲಿ ಮರದ ಕಂಬಗಳಿವೆ, ಅನುಕೂಲವಾಯಿತು. ತೊಲೆ ಮೇಲೆ ಎಳೆದ ವೈರನ್ನು ಇಲಿ ಕಡಿದದ್ದರಿಂದ ಈಗ ಪೈಪಿನೊಳಗೆ ಹಾಕಿದ್ದೇನೆ. ರಿಸೀವರ್‌ನ ಮೈಕ್ ಇಟ್ಟು ಕೋಣೆ ಅಳೆಯುವ, ಅಂದರೆ ಸ್ಪೀಕರ್‌ಗಳ ಸದ್ದನ್ನು ಕೋಣೆಗೆ ಹೊಂದಿಸುವ ಕೆಲಸ ಮಧ್ಯಾಹ್ನವೇ ಮಾಡಿ. ಸಂಜೆ ಜೀರುಂಡೆ ಶುರುವಾದರೆ 'ಸುತ್ತಲೂ ಸದ್ದು ಜಾಸ್ತಿ ಇದೆ' ಅಂತ ರಿಸೀವರ್ ಕೆಲಸ ನಿಲ್ಲಿಸುತ್ತದೆ. ಇನ್ವರ್ಟರ್‌ನಲ್ಲಿ ನಡೆಸಿದರೆ ಸಬ್‌ವೂಫರ್ 'ಗುಂಯ್' ಅನ್ನುತ್ತದೆ, ನಾನು ಹಾಕಲ್ಲ.

ಈಗ ಪಿಸಿಎಂ ಕಾಟಕ್ಕೆ ಏನು ಮಾಡಿದೆ ಅಂತ. ನವೆಂಬರಿನಿಂದ ಮಾರ್ಚ್‌ವರೆಗೆ ಓಟಿಟಿ ತೋರಿಸುವ ಸ್ಟ್ರೀಮಿಂಗ್ ಸ್ಟಿಕ್ ಅನ್ನು ಟಿವಿಗೆ ಚುಚ್ಚದೆ ನೇರ ರಿಸೀವರ್‌ಗೆ ಚುಚ್ಚುತ್ತೇನೆ. ಸದ್ದು ಟಿವಿಯನ್ನು ಮುಟ್ಟುವುದೇ ಇಲ್ಲ, ಟಿವಿ ಏನು ಬೇಕಾದರೂ ಮರೆಯಲಿ. ಏಪ್ರಿಲ್ ಬಂದರೆ ಸಿಡಿಲಿನ ಭಯ. ಡಿಶ್ ವೈರಿನಲ್ಲಿ ಬಂದ ಹೊಡೆತ ಸೆಟ್‌ಟಾಪ್ ಬಾಕ್ಸು, ಟಿವಿ, ಎಚ್‌ಡಿಎಂಐ ಹಿಡಿದು ರಿಸೀವರ್‌ವರೆಗೂ ಹೋಗಬಹುದು. ಆಗ ಎಚ್‌ಡಿಎಂಐ ಬಿಚ್ಚಿ, ಸ್ಟಿಕ್ ಟಿವಿಗೆ ಹಾಕಿ, ಟಿವಿಗೂ ರಿಸೀವರ್‌ಗೂ ನಡುವೆ ಆಪ್ಟಿಕಲ್ ಕೇಬಲ್ ಒಂದನ್ನೇ ಬಿಡುತ್ತೇನೆ. ಅದರಲ್ಲಿ ಹರಿಯುವುದು ಬೆಳಕು, ಒಳಗೆ ತಾಮ್ರವೇ ಇಲ್ಲ. ಆ ದಾರಿಯಲ್ಲಿ ಹೊಡೆತ ದಾಟಲ್ಲ. ಗೋಡೆಯ ಪ್ಲಗ್ಗುಗಳನ್ನು ಮಾತ್ರ ಮೋಡ ಕಟ್ಟಿದಾಗಲೇ, ಗುಡುಗು ಶುರುವಾಗುವ ಮೊದಲೇ ಕೀಳಲೇಬೇಕು, ಡಿಶ್ ವೈರೂ ಸೇರಿ. ಆಪ್ಟಿಕಲ್‌ನಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಹೋಗಲ್ಲ, ಟಿವಿ ಅದನ್ನು ಹಳೆಯ ಡಾಲ್ಬಿ ಡಿಜಿಟಲ್ ಮಾಡಿ ಕಳಿಸುತ್ತದೆ. ಒಂದು ಮೆಟ್ಟಿಲು ಕೆಳಗೆ. ಆದರೆ ಆರೂ ಚಾನೆಲ್ ಬೇರೆ ಬೇರೆಯಾಗಿಯೇ ಬರುತ್ತವೆ. ನಮ್ಮ ಹಾಲಿನಲ್ಲಿ, ನಮ್ಮ ಸ್ಪೀಕರ್‌ನಲ್ಲಿ, ಮಳೆಯ ನಡುವೆ ನನಗೆ ವ್ಯತ್ಯಾಸ ಕೇಳಿಸಿಲ್ಲ. ಆ ತಿಂಗಳುಗಳಲ್ಲಿ ಪಿಸಿಎಂ ಚೆಕ್ಕಿಂಗ್ ತಪ್ಪಲ್ಲ.

ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು ಆಯಿತು. ರಿಸೀವರ್‌ಗೆ ನಾಲ್ಕೂವರೆ ಸ್ಟಾರ್, ನಡುವಿನ ಸ್ಪೀಕರ್‌ಗೆ ಐದು, ಸಬ್‌ವೂಫರ್‌ಗೆ ಮೂರು, ಟಿವಿಗೆ ಒಂದು. ಹೊಸ ಟಿವಿ ತಗೊಳ್ಳುವವರು ಅಂಗಡಿಯಲ್ಲೇ ಡಿಜಿಟಲ್ ಔಟ್‌ಪುಟ್ ಆಟೋಗೆ ಹಾಕಿಸಿ, ಪ್ಲಗ್ ಕಿತ್ತು ಮತ್ತೆ ಹಾಕಿಸಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೂ ಬಿಡಬೇಡಿ.