ಹಾಸನದಿಂದ ಅಮೆರಿಕದ ಸಮ್ಮರ್ ಕ್ಯಾಂಪಿಗೆ: ಕಾಗದಪತ್ರದಲ್ಲಿ ಪಾಸ್, ತರಬೇತಿಯಲ್ಲಿ ಫೇಲ್

ಹಾಸನದ ಈ ಏಜೆನ್ಸಿ (ಹೆಸರು ಬೇಡ) ಮಾಡುವುದು ಎರಡು ಕೆಲಸ. ಅಮೆರಿಕದ ಮಕ್ಕಳ ಬೇಸಿಗೆ ಶಿಬಿರಗಳಿಗೆ ಕೌನ್ಸೆಲರ್ (ಮಕ್ಕಳನ್ನು ನೋಡಿಕೊಂಡು ಆಡಿಸುವವರು) ಆಗಿ ಹೋಗುವವರಿಗೆ ಜೆ-1 ವೀಸಾದ (ವಿನಿಮಯ ಕಾರ್ಯಕ್ರಮಗಳ ವೀಸಾ) ಕಾಗದಪತ್ರ ಸಿದ್ಧ ಮಾಡಿಕೊಡುತ್ತದೆ. ಹೊರಡುವ ಮುಂಚೆ ತರಬೇತಿ ಕೊಡುತ್ತದೆ. ಮೊದಲನೆಯದಕ್ಕೆ ಕೊಟ್ಟ ದುಡ್ಡು ದಕ್ಕುತ್ತದೆ. ಎರಡನೆಯದಕ್ಕೆ ಕೊಟ್ಟದ್ದು ದಂಡ.

ಈ ವಿಭಾಗದ ವೀಸಾಕ್ಕೆ 18 ವರ್ಷ ತುಂಬಿರಬೇಕು, ಅವಧಿ ಹೆಚ್ಚೆಂದರೆ ನಾಲ್ಕು ತಿಂಗಳು. ವೀಸಾ ಅರ್ಜಿಗೆ ಬೇಕೇ ಬೇಕಾದ ಡಿಎಸ್-2019 ಫಾರಂ ಕೊಡುವವರು ಏಜೆಂಟರಲ್ಲ, ಅಮೆರಿಕದ ವಿದೇಶಾಂಗ ಇಲಾಖೆಯ ಮಾನ್ಯತೆ ಪಡೆದ ಸ್ಪಾನ್ಸರ್ ಸಂಸ್ಥೆ. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತಾರೆ, ಮೆಚ್ಚಬೇಕು. ಸೆವಿಸ್ (ಇಂಥ ವೀಸಾದವರ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕ 35 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. ಇವನ್ನು ತಮ್ಮ ಸೇವಾ ಶುಲ್ಕದೊಳಗೆ ಕಲಸದೆ ಬೇರೆಯಾಗಿಯೇ ತೋರಿಸುತ್ತಾರೆ. ಚೆನ್ನೈನ ಅಮೆರಿಕ ಕಾನ್ಸುಲೇಟಿನಲ್ಲಿ ನಡೆಯುವ ವೀಸಾ ಸಂದರ್ಶನಕ್ಕೆ ಮಾಡಿಸುವ ಅಭ್ಯಾಸವೂ ಚೆನ್ನಾಗಿದೆ. ಅಲ್ಲಿ ಅಮೆರಿಕದ ವಲಸೆ ಕಾಯ್ದೆಯ 214(ಬಿ) ಸೆಕ್ಷನ್ ಅಡಿ ವೀಸಾ ನಿರಾಕರಣೆಯಾಗುವುದು ಊರಿಗೆ ವಾಪಸ್ ಬರುತ್ತಾರೆಂಬ ನಂಬಿಕೆ ಅಧಿಕಾರಿಗೆ ಹುಟ್ಟದಿದ್ದಾಗ. ಮುಂದಿನ ಸೆಮಿಸ್ಟರ್ ಬಾಕಿ ಇರುವ ವಿದ್ಯಾರ್ಥಿಗೆ ಈ ನಂಬಿಕೆ ಹುಟ್ಟಿಸುವುದು ಸುಲಭ, ಕೊನೆಯ ವರ್ಷ ಮುಗಿಸಿದವರಿಗೆ ಕಷ್ಟ. ಆದರೆ ಕ್ಯಾಂಪುಗಳು ನಡೆಯುವುದು ಜೂನ್‌ನಿಂದ ಆಗಸ್ಟ್‌ವರೆಗೆ, ನಮ್ಮ ಏಪ್ರಿಲ್-ಮೇ ರಜೆಯಲ್ಲಲ್ಲ. ಎಂಜಿನಿಯರಿಂಗ್ ಹುಡುಗರ ಪರೀಕ್ಷೆ ಸಾಮಾನ್ಯವಾಗಿ ಕ್ಯಾಂಪಿನ ಹೊತ್ತಿಗೇ ಬಂದು ಕೂತಿರುತ್ತದೆ. ಮುಂಗಡ ಕಟ್ಟುವ ಮುಂಚೆ ಕಾಲೇಜಿನ ವೇಳಾಪಟ್ಟಿ ನೋಡಿಕೊಳ್ಳಿ.

ಇನ್ನೊಂದು ಮಾತು: ಕೌನ್ಸೆಲರ್ ವಿಭಾಗದಲ್ಲಿ ಹೋದವರನ್ನು ಅಡುಗೆ, ಪಾತ್ರೆ ತೊಳೆಯುವುದು, ಕಸ ಗುಡಿಸುವ ಕೆಲಸಕ್ಕೆ ನೇಮಿಸುವಂತಿಲ್ಲ. ಯಾವ ಏಜೆಂಟರಾದರೂ "ಕಿಚನ್ ಕೆಲಸ ಇದೆ, ಇದೇ ವೀಸಾ" ಅಂದರೆ ಎದ್ದು ಬನ್ನಿ.

ತರಬೇತಿಯಲ್ಲಿ ಆಗುವುದೇನು? ಸ್ಲೈಡ್ ಹಾಕಿ ಅಮೆರಿಕದ ಊಟ-ಉಡುಪಿನ ಪರಿಚಯ. ಒಬ್ಬರನ್ನೂ ನಿಲ್ಲಿಸಿ ಮಕ್ಕಳಿಗೆ ಆಟ ಕಲಿಸಲು ಹೇಳುವುದಿಲ್ಲ. ಕ್ಯಾಂಪಿನಲ್ಲಿ ಬೆಂಚಿಲ್ಲ, ಹಾಜರಿ ಪುಸ್ತಕವಿಲ್ಲ. ಮುಕ್ಕಾಲು ಗಂಟೆಯಲ್ಲಿ ಒಂದು ಗುಂಪು ಹೋಗಿ ಇನ್ನೊಂದು ಬರುತ್ತದೆ.

ಚೌಕಾಬಾರವನ್ನೇ ತಗೊಳ್ಳಿ. ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು, ಎರಡಕ್ಕೂ ಮತ್ತೊಂದು ಸಲ ಹಾಕಬಹುದು. ಎಲ್ಲ ನಿಯಮವನ್ನೂ ಮೊದಲೇ ಹೇಳಲು ಹೊರಟರೆ ಅರ್ಧ ಗುಂಪು ಹುಲ್ಲು ಕೀಳುತ್ತಿರುತ್ತದೆ. ಮೊದಲು ಬರೀ ಕಾಯಿ ನಡೆಸಲಿ, ಎರಡು ಸುತ್ತಾದ ಮೇಲೆ ಕಡಿಯುವುದನ್ನು ಹೇಳಿಕೊಡಿ, ಆಮೇಲೆ ಕಟ್ಟೆ ಮನೆ (ಕಾಯಿ ಕಡಿಯುವಂತಿಲ್ಲದ ಮನೆ). ಕವಡೆಗೆ ಬದಲು ಹುಣಸೆ ಬೀಜ ಒಯ್ಯಬೇಡಿ. ಬೀಜವನ್ನು ಅಮೆರಿಕದ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು, ಕಿತ್ತುಕೊಂಡರೂ ಕಿತ್ತುಕೊಳ್ಳಬಹುದು. ಖೊ-ಖೊ ಆಡಿಸುವುದಾದರೆ ಎಂಟು ಜನ ಕೂರುವ ಪೂರ್ತಿ ಸಾಲು ಬೇಡ, ಐದು ಸಾಕು. ಬೆನ್ನಿಗೆ ಗುದ್ದದೆ ಅಂಗೈ ಮುಟ್ಟಿಸುವುದನ್ನು ಮೊದಲು ನಿಧಾನವಾಗಿ ಮಾಡಿಸಿ. ಇದನ್ನು ಬಿಟ್ಟಲ್ಲೇ ಅಳು ಶುರುವಾಗುವುದು.

ಆಟಕ್ಕಿಂತ ದೊಡ್ಡ ಕೊರತೆ ಸುರಕ್ಷತೆಯ ಪಾಠದ್ದು. ಒಂದು ಮಗುವಿನ ಜೊತೆ ಕೌನ್ಸೆಲರ್ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು; ಜಾಗ ಬದಲಿಸಿದಾಗಲೆಲ್ಲ ತಲೆ ಎಣಿಸಬೇಕು; ಈಜುವಾಗ ಮಕ್ಕಳನ್ನು ಜೋಡಿ ಮಾಡಿ ಆಗಾಗ ಸೀಟಿ ಊದಿ ಎಣಿಸಬೇಕು. ಕಡಲೆಕಾಯಿ ಅಲರ್ಜಿ ನಮ್ಮವರಿಗೆ ಉತ್ಪ್ರೇಕ್ಷೆಯಂತೆ ಕೇಳಿಸುತ್ತದೆ, ಆದರೆ ಅದು ಜೀವಕ್ಕೇ ಕುತ್ತು ತರಬಹುದು. ಪ್ರೀತಿಯಿಂದ ಒಯ್ದ ಚಿಕ್ಕಿ ಮಕ್ಕಳಿಗೆ ಹಂಚುವಂತಿಲ್ಲ. ಇದ್ಯಾವುದೂ ಸ್ಲೈಡಿನಲ್ಲಿಲ್ಲ. ಕ್ಯಾಂಪಿನವರು ಅಲ್ಲಿ ಕಲಿಸುತ್ತಾರೆ ನಿಜ, ಆದರೆ ಹೊಸ ಉಚ್ಚಾರಣೆಯ ಇಂಗ್ಲಿಷಿನಲ್ಲಿ, ಕೆಲವೇ ದಿನಗಳಲ್ಲಿ.

ಕಾಗದಪತ್ರಕ್ಕೆ ಮಾತ್ರ ಹೋಗಿ. ತರಬೇತಿಯ ಬದಲು ಊರಿನ ಯಾವುದಾದರೂ ಬೇಸಿಗೆ ಶಿಬಿರದಲ್ಲಿ ಒಂದು ವಾರ ಮಕ್ಕಳನ್ನು ಆಡಿಸಿ, ಸಂದರ್ಶನದಲ್ಲಿ ಹೇಳಿಕೊಳ್ಳಲೂ ಆಗುತ್ತದೆ. ತರಬೇತಿ ಬೇಡ ಎಂದರೆ ಶುಲ್ಕ ಇಳಿಸುತ್ತಾರೆ, ಆದರೆ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ.