ಆಫೀಸ್ ಲ್ಯಾಪ್‌ಟಾಪ್‌ಗೆ ಮೊದಲಿನ ವಿಂಡೋಸ್ ವಾಪಸ್: ಹಾಸನದ ಅಂಗಡಿ, ನಾಲ್ಕು ಸ್ಟಾರ್

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಫೋನ್ ಎತ್ತಲ್ಲ ಅಂತ. ಬಿ.ಎಂ. ರಸ್ತೆಯಿಂದ ಒಳಗೆ, ಮಹಡಿ ಮೇಲೆ ಇರುವ ಅಂಗಡಿ, ಕೆಳಗೆ ಗಾಡಿ ನಿಲ್ಲಿಸಲೂ ಜಾಗವಿಲ್ಲ. ಕೆಲಸದ ಬಗ್ಗೆ ಮಾತ್ರ ಎರಡು ಮಾತಿಲ್ಲ.

ಕೆಲಸ ಬಿಡುವಾಗ ಬೆಂಗಳೂರಿನ ಕಂಪನಿಯವರು ನಾನು ಬಳಸುತ್ತಿದ್ದ ಡೆಲ್ ಲ್ಯಾಟಿಟ್ಯೂಡ್ ಅನ್ನು ಕಡಿಮೆ ಬೆಲೆಗೆ ನನಗೇ ಬಿಟ್ಟುಕೊಟ್ಟರು, ಬಿಲ್ ಸಮೇತ. ಆದರೆ ಒಳಗಿದ್ದದ್ದು ಅವರ ಇಮೇಜ್, ಅಂದರೆ ಕಂಪನಿ ತನಗೆ ಬೇಕಾದಂತೆ ಸಿದ್ಧಮಾಡಿ ಹಾಕಿದ ವಿಂಡೋಸ್. ಕಂಪನಿಗಳಿಗೆಂದೇ ಇರುವ ವಿಂಡೋಸ್ ಎಂಟರ್‌ಪ್ರೈಸ್, ಕಂಪನಿ ಲೋಗೋ ಇರುವ ವಾಲ್‌ಪೇಪರ್, ಪ್ರಿಂಟರ್ ಸೇರಿಸಲು ಹೋದರೂ ಅಡ್ಮಿನ್ ಪಾಸ್‌ವರ್ಡ್. ಅದರ ಆಕ್ಟಿವೇಶನ್ (ಲೈಸೆನ್ಸ್ ಅಸಲಿ ಅನ್ನುವ ಖಾತ್ರಿ) ಇದ್ದದ್ದು ಕಂಪನಿ ಸರ್ವರ್ ಮೂಲಕ. 180 ದಿನ ಆ ಸರ್ವರ್ ಸಿಗದಿದ್ದರೆ ಅದು ಹೋಗುತ್ತದೆ. ರಿಸೆಟ್ ಒತ್ತಿದರೂ ಬರುವುದು ಅದೇ ಎಂಟರ್‌ಪ್ರೈಸ್.

ಮೊದಲು ಬೇರೆ ಕಡೆ ಕೇಳಿದ್ದೆ. "500 ಕೊಡಿ ಸರ್, ಕ್ರ್ಯಾಕ್ ಹಾಕಿ ಕೊಡ್ತೀವಿ, ಲೈಫ್‌ಟೈಮ್" ಅಂದರು. ಕ್ರ್ಯಾಕ್ ಅಂದರೆ ಲೈಸೆನ್ಸ್ ಇಲ್ಲದೆ ನಡೆಸುವ ಕಳ್ಳದಾರಿ. ಸುಮ್ನೆ ಎದ್ದು ಬಂದೆ.

ಇಲ್ಲಿನ ಹುಡುಗ ಲ್ಯಾಪ್‌ಟಾಪ್ ಆನ್ ಕೂಡ ಮಾಡಲಿಲ್ಲ. ಮಗುಚಿ ಹಾಕಿ, ಅಡಿಯಲ್ಲಿದ್ದ ಸರ್ವಿಸ್ ಟ್ಯಾಗ್ (ಡೆಲ್ ಪ್ರತಿ ಲ್ಯಾಪ್‌ಟಾಪ್‌ಗೆ ಕೊಡುವ ಗುರುತಿನ ಸಂಖ್ಯೆ) ಓದಿ ಡೆಲ್ ಸೈಟಿನಲ್ಲಿ ಹಾಕಿ ನೋಡಿದ. ಫ್ಯಾಕ್ಟರಿಯಿಂದ ಬಂದದ್ದು ವಿಂಡೋಸ್ 10 ಪ್ರೊ. "ದುಡ್ಡು ಕೊಟ್ಟು ಕೀ ತಗೋಬೇಡಿ ಸರ್, ನಿಮ್ಮ ಬೋರ್ಡಲ್ಲೇ ಇದೆ" ಅಂದ. ವಿಂಡೋಸ್ 8ರ ಕಾಲದಿಂದ ಕಂಪ್ಯೂಟರ್ ಜೊತೆ ಬರುವ ಕೀ (ವಿಂಡೋಸ್ ಲೈಸೆನ್ಸ್ ಕೋಡ್) ಮದರ್‌ಬೋರ್ಡಿನ ಬಯಾಸ್ ಚಿಪ್‌ನಲ್ಲೇ ಕೂತಿರುತ್ತದೆ, ಡಿಸ್ಕ್ ಎಷ್ಟು ಸಲ ಅಳಿಸಿದರೂ ಅದಕ್ಕೇನೂ ಆಗುವುದಿಲ್ಲ, ಅದೇ ಎಡಿಷನ್ ಹಾಕಿ ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ.

ಆದರೆ ಅವನು ತಕ್ಷಣ ಕೈ ಹಾಕಲಿಲ್ಲ. "ಕಂಪನಿಯವರು ಆಟೋಪೈಲಟ್ ಲಿಸ್ಟಿಂದ ತೆಗೆದಿದಾರಾ?" ಅಂತ ಕೇಳಿದ. ಕಂಪನಿ ತನ್ನ ಲ್ಯಾಪ್‌ಟಾಪ್‌ಗಳನ್ನು ಮೈಕ್ರೋಸಾಫ್ಟ್‌ನಲ್ಲಿ ತನ್ನ ಹೆಸರಿಗೆ ನೋಂದಾಯಿಸಿಡುವ ಪಟ್ಟಿ ಅದು. ತೆಗೆಯದಿದ್ದರೆ ಹೊಸದಾಗಿ ಹಾಕಿದ ವಿಂಡೋಸ್ ಕೂಡ ನೆಟ್ ಸಿಕ್ಕ ಕೂಡಲೇ ಕಂಪನಿ ಲಾಗಿನ್ನೇ ಕೇಳುತ್ತದೆ. ಸೀರಿಯಲ್ ನಂಬರ್ ಸಮೇತ ಹಳೇ ಐಟಿಯವರಿಗೆ ಮೇಲ್ ಹಾಕಿಸಿ, ತೆಗೆದಿದ್ದೇವೆ ಅಂತ ಉತ್ತರ ಬಂದ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡ. ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಆ ಕ್ರ್ಯಾಕಿನವರು ಇದನ್ನ ಕೇಳ್ತಿದ್ರಾ?

ಫೈಲೆಲ್ಲ ಹೋಗುತ್ತದೆ ಅಂತ ಚೀಟಿ ಮೇಲೆ ಸಹಿ ಹಾಕಿಸಿಕೊಂಡ. ಡೆಲ್‌ನದೇ ರಿಕವರಿ ಟೂಲ್, 16 ಜಿಬಿ ಪೆನ್‌ಡ್ರೈವ್, ಎಫ್12 ಒತ್ತಿ ಬೂಟ್. ಮಾಮೂಲಿ ವಿಂಡೋಸ್ ಪೆನ್‌ಡ್ರೈವ್ ಹಾಕಿದರೆ 11ನೇ ಜನರೇಶನ್ ಇಂಟೆಲ್ ಪ್ರೊಸೆಸರ್ ಮತ್ತು ಆಮೇಲಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯೇ ಕಾಣುವುದಿಲ್ಲ, ಇಂಟೆಲ್ ಸ್ಟೋರೇಜ್ ಡ್ರೈವರ್ ಬೇರೆ ಕೊಡಬೇಕು. ಇದು ಗೊತ್ತಿಲ್ಲದೆ ಡಿಸ್ಕೇ ಹೋಗಿದೆ ಅಂತ ಹೊಸದು ಕೊಂಡವರೂ ಇದ್ದಾರಂತೆ!

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆಯಲ್ಲ, ವಿಂಡೋಸ್ 11 ಕೇಳುವ ಟಿಪಿಎಂ 2.0 (ಸುರಕ್ಷತೆಯ ಚಿಪ್) ಮತ್ತು ಪ್ರೊಸೆಸರ್ ಸರಿಯಿದೆ ಅಂತ ನೋಡಿ 11ಕ್ಕೆ ಏರಿಸಿಯೇ ಕೊಟ್ಟ. ಅದಕ್ಕೂ ಹೊಸ ಕೀ ಬೇಕಾಗಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಪುಟ ತೆಗೆದು ತೋರಿಸಿದ ಮೇಲೆಯೇ ದುಡ್ಡು ಕೇಳಿದ್ದು, 700 ರೂಪಾಯಿ.

ಹೋಗುವವರು ಚಾರ್ಜರ್, ಕೊಂಡ ಬಿಲ್ ಎರಡೂ ತಗೊಂಡು ಹೋಗಿ. ನನ್ನ ಎದುರಿಗೇ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದ ಒಬ್ಬರು ಕಂಪನಿ ಲಾಕ್ ಹೇಗಾದ್ರೂ ಒಡೆದು ಕೊಡಿ ಅಂತ ಎಷ್ಟು ಗೋಗರೆದರೂ ಮುಟ್ಟಲಿಲ್ಲ, ಮಾರಿದವರನ್ನೇ ಹಿಡೀರಿ ಅಂತ ವಾಪಸ್ ಕಳಿಸಿದರು.